ಹೊಳೆಯ ಮಾತು, ಹೊಣೆಯ ಮಾತು

ಇಂಗ್ಲೆಂಡಿನ ಭೂಪಟದಲ್ಲಿ ಡಾರ್ಟ್ ದೊಡ್ಡ ನದಿಯೇನೂ ಅಲ್ಲ. ನೈರುತ್ಯ ಮೂಲೆಯ ಡೆವನ್ ಪ್ರಾಂತದಲ್ಲಿ, ಡಾರ್ಟ್‌ಮೂರ್ ಎಂಬ ಎತ್ತರದ ಜವುಗು ಬಯಲಿನಲ್ಲಿ ಪೂರ್ವ ಡಾರ್ಟ್, ಪಶ್ಚಿಮ ಡಾರ್ಟ್ ಎಂದು ಎರಡಾಗಿ ಹುಟ್ಟಿ ಡಾರ್ಟ್‌ಮೀಟ್‌ನಲ್ಲಿ ಒಂದಾಗುತ್ತದೆ. ಮುಂದೆ ವೆಬ್‌ಬರ್ನ್ ಮೊದಲಾದ ತೊರೆಗಳನ್ನು ಸೇರಿಸಿಕೊಂಡು ಕಣಿವೆ ಇಳಿಯುತ್ತದೆ. ಟಾಟ್ನೆಸ್ ಪಟ್ಟಣದ ಬಳಿ ಸಮುದ್ರದ ಉಬ್ಬರವನ್ನು ಎದುರುಗೊಂಡು ಡಾರ್ಟ್‌ಮತ್‌ನಲ್ಲಿ ಕಡಲು ಸೇರುತ್ತದೆ. ಈ ಚಿಕ್ಕ ಹೊಳೆಯ ಮೇಲೆ ಆಲಿಸ್ ಆಸ್ವಾಲ್ಡ್ ಒಂದಿಡೀ ಪುಸ್ತಕದಷ್ಟು ಉದ್ದದ ಪದ್ಯ ಬರೆದರು. ಅದರ ಹೆಸರೂ 'ಡಾರ್ಟ್' ಎಂದೇ. 2002ರಲ್ಲಿ ಬಂದ ಈ ಕೃತಿಗೆ ಆ ವರ್ಷದ ಟಿ. ಎಸ್. ಎಲಿಯಟ್ ಪ್ರಶಸ್ತಿ ದೊರೆಯಿತು.

ಇಂಗ್ಲಿಷಿನಲ್ಲಿ ಹೊಳೆಯ ಕಾವ್ಯಕ್ಕೆ ಹಳೆಯ ಪರಂಪರೆಯಿದೆ. ವರ್ಡ್ಸ್‌ವರ್ತ್ ಡಡನ್ ಎಂಬ ಇಂಥದೇ ಸಣ್ಣ ನದಿಯ ಮೇಲೆ 1820ರಲ್ಲಿ ಸಾನೆಟ್ ಮಾಲೆಯೊಂದನ್ನು ಪ್ರಕಟಿಸಿದ. ಅಲ್ಲಿ ಕವಿ ದಂಡೆಯ ಗುಂಟ ನಡೆಯುತ್ತಾನೆ, ಹೊಳೆ ಅವನ ಚಿಂತನೆಗೆ ಒದಗುತ್ತದೆ. ಆಸ್ವಾಲ್ಡ್ ಹಿಡಿದ ದಾರಿ ಬೇರೆ. ಹೊಳೆಯನ್ನು ಬಲ್ಲವರ, ಹೊಳೆಯಿಂದ ಬದುಕುವವರ ಮಾತುಗಳನ್ನು ವರ್ಷಗಟ್ಟಲೆ ಧ್ವನಿಮುದ್ರಿಸಿಕೊಂಡು ಅವುಗಳಿಂದ ಪದ್ಯ ಕಟ್ಟಿದರು. ಉಣ್ಣೆ ಗಿರಣಿಯ ಕೆಲಸಗಾರ, ದೋಣಿ ಕಟ್ಟುವವ, ಸಾಮನ್ ಮೀನಿಗೆ ಬಲೆ ಹಾಕುವವ, ಅದನ್ನೇ ಕದ್ದು ಹಿಡಿಯುವವ, ಎಲ್ಲರೂ ಇಲ್ಲಿ ಮಾತಾಡುತ್ತಾರೆ. 1840ರಲ್ಲಿ ಕೊಚ್ಚಿಹೋದ ಒಬ್ಬನೂ ಮಾತಾಡುತ್ತಾನೆ. ಯಾರ ಮಾತು ಎಂಬುದಕ್ಕೆ ಪುಟದ ಅಂಚಿನಲ್ಲಿ ಕಸುಬಿನ ಸೂಚನೆಯಿದೆ. ಆದರೆ ಇವೆಲ್ಲ ಹೊಳೆಯದೇ ಗೊಣಗಾಟವೆಂದು ಓದಿಕೊಳ್ಳಬೇಕೆಂದು ಕವಿ ಮೊದಲೇ ಹೇಳಿಬಿಡುತ್ತಾರೆ. ಡಾರ್ಟ್‌ಮೀಟ್‌ನಲ್ಲಿ ಎರಡು ನೀರು ಕೂಡುವಂತೆ ಗದ್ಯ ಪದ್ಯದೊಳಕ್ಕೆ, ಒಬ್ಬನ ದನಿ ಇನ್ನೊಬ್ಬನ ದನಿಯೊಳಕ್ಕೆ ನುಗ್ಗುತ್ತದೆ.

ಮೊದಲ ಓದಿನಲ್ಲಿ ನನ್ನ ತಕರಾರು ಇದ್ದದ್ದು ಇಲ್ಲಿಯೇ. ಕೊಳಚೆ ಶುದ್ಧೀಕರಣ ಘಟಕದವನು, ನಲ್ಲಿಗಾಗಿ ಹೊಳೆಯಿಂದ ನೀರೆತ್ತುವವನು, ಹಾಲಿನ ಕಾರ್ಖಾನೆಯವನು, ಸುಮ್ಮನೆ ಈಜಲು ಇಳಿದವನು, ಇವರೆಲ್ಲರ ಮಾತೂ ಹೊಳೆಯದೇ ಮಾತಾದರೆ ಹೊಳೆ ಕೆಟ್ಟಾಗ ಯಾರನ್ನು ಕೇಳಬೇಕು? ಎಲ್ಲವನ್ನೂ ಒಂದೇ ಹರಿವಿಗೆ ಸೇರಿಸುವುದು ಕಾವ್ಯಕ್ಕೆ ಸುಲಭ. ಅದರಿಂದ ಹೊಣೆ ಜಾರಿಹೋಗುತ್ತದೆ ಎನ್ನಿಸಿತ್ತು.

ಎರಡನೆಯ ಸಲ ಓದಿದಾಗ ಆ ಕೊಳಚೆ ಘಟಕದವನ ಮಾತಿನ ಬಳಿ ನಿಂತುಬಿಟ್ಟೆ. ಅವನು ತನ್ನ ಕೆಲಸದ ವಿವರಗಳನ್ನು ಕಸುಬುದಾರನ ಖಚಿತತೆಯಿಂದ ಹೇಳುತ್ತಾನೆ. ಅವನ ಕೈಗೆ ಬರುವ ಕೊಳೆ ಅವನದಲ್ಲ, ಊರಿನದು. ಅದನ್ನು ಮರೆತವರು ನಾವು, ನೆನಪಿಟ್ಟುಕೊಂಡವನು ಅವನು. ನೀರೆತ್ತುವವನ ವಿಷಯವೂ ಹೀಗೆಯೇ. ಪದ್ಯ ಯಾರ ಮೇಲೂ ಬೆರಳು ತೋರಿಸದಿದ್ದರೂ ನಲ್ಲಿ ತಿರುಗಿಸುವ ಓದುಗನನ್ನು ಮೆಲ್ಲಗೆ ಆ ಸಾಲಿನಲ್ಲಿ ನಿಲ್ಲಿಸುತ್ತದೆ. ಹೊಣೆ ಜಾರಿಲ್ಲ, ಹಂಚಿಕೆಯಾಗಿದೆ. ನನ್ನ ತಕರಾರಿನ ಮುಕ್ಕಾಲು ಪಾಲನ್ನು ಆಗ ಹಿಂತೆಗೆದುಕೊಂಡೆ.

ಉಳಿದ ಕಾಲು ಪಾಲು ಹಾಗೆಯೇ ಇದೆ. ಇಂಗ್ಲೆಂಡಿನಲ್ಲಿ ನೀರು ಸರಬರಾಜೂ ಒಳಚರಂಡಿಯೂ 1989ರಲ್ಲಿ ಖಾಸಗಿ ಕಂಪನಿಗಳ ಕೈಸೇರಿದವು. ಆಸ್ವಾಲ್ಡ್ ಕೇಳಿಸಿಕೊಂಡದ್ದು ಹೊಳೆಗೆ ಕೈ ಹಾಕಿದವರ, ಕಾಲು ಇಳಿಸಿದವರ ಮಾತನ್ನು. ದೂರದಲ್ಲಿ ಕೂತು ಲಾಭ ಎಣಿಸುವ ಷೇರುದಾರ ಈ ಪದ್ಯದಲ್ಲಿ ಬಾಯಿ ಬಿಡುವುದಿಲ್ಲ. ಅವನೂ ಹೊಳೆಗೆ ಕೂಡುವ ಒಂದು ತೊರೆಯೇ, ಕಣ್ಣಿಗೆ ಕಾಣದ ತೊರೆ. ದಂಡೆಯಲ್ಲಿ ಧ್ವನಿಮುದ್ರಕ ಹಿಡಿದು ನಿಂತವರಿಗೆ ಅದು ಕೇಳಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಪದ್ಯದ ಮಿತಿಯೂ ಹೌದು.

ಟಾಟ್ನೆಸ್‌ನ ದೊಡ್ಡ ಹಾಲಿನ ಕಾರ್ಖಾನೆ 2007ರಲ್ಲಿ ಮುಚ್ಚಿತು. ಹಾಲಿನ ಕೆಲಸಗಾರನ ದನಿ ಪುಸ್ತಕದಲ್ಲಿ ಉಳಿದಿದೆ. ಹೊಳೆಯ ಸೊಬಗನ್ನು ಹಾಡುವ ಪದ್ಯಗಳು ಬೇಕಾದಷ್ಟಿವೆ. ಒಂದು ಹೊಳೆಯ ಸುತ್ತ ಜನ ಏನು ಕೆಲಸ ಮಾಡಿದರು, ಯಾವ ಮಾತಿನಲ್ಲಿ ಅದನ್ನು ಹೇಳಿಕೊಂಡರು ಎಂಬುದನ್ನು ಇಷ್ಟು ಮರ್ಯಾದೆಯಿಂದ ಕಾಪಿಟ್ಟ ಪದ್ಯ ನನ್ನ ಓದಿನಲ್ಲಿ ಇನ್ನೊಂದಿಲ್ಲ.