ಜೆರೋಮನ ಕೊರಳು

ವ್ಯಾಟಿಕನ್‌ನಲ್ಲಿರುವ ಲಿಯೊನಾರ್ಡೊ ದ ವಿಂಚಿಯ ಅಪೂರ್ಣ 'ಸಂತ ಜೆರೋಮ್' ಚಿತ್ರದಲ್ಲಿ ನನ್ನ ಕಣ್ಣು ನಿಲ್ಲುವುದು ಸಿಂಹದ ಮೇಲಲ್ಲ, ಮುದುಕನ ಕೊರಳ ಮೇಲೆ. ಕಿವಿಯ ಹಿಂದಿನಿಂದ ಇಳಿದ ಸ್ನಾಯು ಎದೆಮೂಳೆಗೊಂದು, ಕಾಲರ್ ಬೋನಿಗೊಂದು ಎಂದು ಕವಲೊಡೆದಿದೆ. ಚಿತ್ರ ಆರಂಭವಾದದ್ದು 1480ರ ಸುಮಾರಿಗೆ. ಆಗ ಅವನಿಗೆ ಈ ಕವಲು ತಿಳಿದಿರಲಿಲ್ಲ, ಹೆಣಗಳನ್ನು ಸೀಳಿ ನೋಡಿದ ಮೇಲೆ 1510ರ ಸುಮಾರಿಗೆ ತಿದ್ದಿದ ಎಂದು ಮಾರ್ಟಿನ್ ಕ್ಲೇಟನ್ ವಾದಿಸಿದ್ದಾರೆ. ನನಗದು ಒಪ್ಪಿಗೆ.

ಆದರೆ ತಿದ್ದಿದ ಕೈ ತನ್ನ ತಿಳಿವಳಿಕೆಯನ್ನು ಮೆರೆಸಿಲ್ಲ. ಎಲ್ಲ ಸ್ನಾಯುಗಳನ್ನೂ ಉಬ್ಬಿಸಿ ತೋರಿಸುವ ಚಿತ್ರಕಾರರನ್ನು ಅವನೇ ತನ್ನ ಟಿಪ್ಪಣಿಗಳಲ್ಲಿ ಹಂಗಿಸಿದ್ದಾನಲ್ಲ! ಇಲ್ಲಿ ಬಿಗಿದಿರುವುದು ತಲೆ ಹೊರಳಿದಾಗ ಬಿಗಿಯಬೇಕಾದುದಷ್ಟೇ.

1507-08ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಆಸ್ಪತ್ರೆಯೊಂದರಲ್ಲಿ ಒಬ್ಬ ಮುದುಕ ತನಗೆ ನೂರು ದಾಟಿದೆ ಎಂದು ಅವನಿಗೆ ಹೇಳಿ, ಕೆಲವೇ ಗಂಟೆಗಳಲ್ಲಿ ಸದ್ದಿಲ್ಲದೆ ತೀರಿಕೊಂಡ. ಅದೇ ದೇಹವನ್ನು ಲಿಯೊನಾರ್ಡೊ ಸೀಳಿದ. ಜೆರೋಮನ ಕೊರಳನ್ನು ಕಂಡಾಗಲೆಲ್ಲ ಹೆಸರಿಲ್ಲದ ಆ ಮುದುಕ ನೆನಪಾಗುತ್ತಾನೆ.