‘ಚೋಕ್ ಶುಕುರ್’ ಎಂಬ ಉತ್ತರಕ್ಕೆ ಎಷ್ಟು ಅಂಕ?



ತುರ್ಕಿ ಭಾಷೆಯನ್ನಾಡುವ ಹಿರಿಯರನ್ನು ‘ಹೇಗಿದ್ದೀರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಚೋಕ್ ಶುಕುರ್’, ಅಂದರೆ ದೇವರಿಗೆ ಅನಂತ ವಂದನೆ. ಮೈಯಲ್ಲಿ ನೋವಿದ್ದರೂ ಮನೆಯಲ್ಲಿ ಕೊರತೆಯಿದ್ದರೂ ಈ ಮಾತು ಬಾಯಿಗೆ ಬರುತ್ತದೆ. ಇದು ಆರೋಗ್ಯದ ವರದಿಯಲ್ಲ, ಸಂಸ್ಕಾರದ ನುಡಿ. ಇಂತಹವರ ಮುಂದೆ ಮುದ್ರಿತ ಪ್ರಶ್ನಾವಳಿಯೊಂದನ್ನಿಟ್ಟು, ಬದುಕು ತೃಪ್ತಿ ತಂದಿದೆಯೇ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದರೆ ಅವರೇನು ಹೇಳಿಯಾರು? ‘ಇಲ್ಲ’ ಎಂದರೆ ದೇವರಿಗೆ ಕೃತಘ್ನರಾದಂತೆ. ‘ಹೌದು’ ಎಂದರೆ ರೋಗ ಮರೆಯಾದಂತೆ.

ವೃದ್ಧರ ಖಿನ್ನತೆಯನ್ನು ಗುರುತಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಅಳತೆಗೋಲನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅಮೆರಿಕದ ಜೆರೋಮ್ ಯೆಸಾವೇಜ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಇದರಲ್ಲಿ 30 ಪ್ರಶ್ನೆಗಳಿವೆ. 15 ಪ್ರಶ್ನೆಗಳ ಕಿರುರೂಪವೂ ಉಂಟು. ತುರ್ಕಿ ಹಿರಿಯರಲ್ಲಿ ಇದು ಎಷ್ಟು ನಂಬಲರ್ಹ ಎಂಬುದನ್ನು ತುರಾನ್ ಎರ್ತಾನ್ ಮತ್ತು ಎಂಗಿನ್ ಎಕೆರ್ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು.

ಮೊದಲು ಇದರ ಗುಣವನ್ನು ಹೇಳಬೇಕು. ದಣಿದ ವೃದ್ಧರಿಗೆ ಐದಾರು ಆಯ್ಕೆಗಳ ಗೊಂದಲ ಬೇಡವೆಂದು ಹೌದು–ಇಲ್ಲ ಎಂಬ ಸರಳ ಉತ್ತರಗಳನ್ನಷ್ಟೇ ಇಟ್ಟಿದ್ದಾರೆ. ನಿದ್ರೆ, ಹಸಿವು, ಮೈಕೈ ನೋವುಗಳ ಪ್ರಶ್ನೆಗಳನ್ನು ಬೇಕೆಂದೇ ಕೈಬಿಟ್ಟಿದ್ದಾರೆ. ಮುಪ್ಪಿನಲ್ಲಿ ನಿದ್ರೆ ಕಡಿಮೆಯಾಗುವುದು ಸಹಜ. ಅದನ್ನು ಖಿನ್ನತೆಯೆಂದು ಎಣಿಸಬಾರದೆಂಬ ವಿವೇಕ ಇಲ್ಲಿದೆ.

ಆದರೆ ಈ ವಿವೇಕವೇ ಇನ್ನೊಂದು ಭಾಷೆಯಲ್ಲಿ ಕೊರತೆಯಾಗಬಹುದು. ತುರ್ಕಿಯ ಆಡುಮಾತಿನಲ್ಲಿ ಮನಸ್ಸಿನ ದುಃಖ ಹಲವು ಬಾರಿ ದೇಹದ ಮೂಲಕವೇ ಮಾತನಾಡುತ್ತದೆ. ತೀವ್ರ ಶೋಕದಲ್ಲಿರುವವರು ‘ಜಿಯೆರಿಮ್ ಯನಿಯೋರ್’ ಎನ್ನುತ್ತಾರೆ. ಪದಶಃ ನೋಡಿದರೆ ಒಳಗಿನ ಅಂಗ, ಪಿತ್ತಜನಕಾಂಗವೋ ಶ್ವಾಸಕೋಶವೋ, ಉರಿಯುತ್ತಿದೆ ಎಂದರ್ಥ. ನಮ್ಮಲ್ಲಿ ‘ಕರುಳು ಬೇಯುತ್ತಿದೆ’ ಎಂದಾಗ ಯಾರೂ ಹೊಟ್ಟೆಯನ್ನು ಪರೀಕ್ಷಿಸಲು ಓಡುವುದಿಲ್ಲವಷ್ಟೇ! ದೇಹದ ಮಾತನ್ನು ಪೂರ್ತಿಯಾಗಿ ಹೊರಗಿಟ್ಟ ಪ್ರಶ್ನಾವಳಿಗೆ ಈ ಉರಿ ಕಾಣಿಸದೆ ಹೋದೀತು.

ಮತ್ತೊಂದು ಪ್ರಶ್ನೆಯನ್ನು ನೋಡಿ: ಹೊರಗೆ ಹೋಗಿ ಹೊಸತೇನನ್ನಾದರೂ ಮಾಡುವುದಕ್ಕಿಂತ ಮನೆಯಲ್ಲಿರುವುದೇ ನಿಮಗಿಷ್ಟವೇ? ‘ಹೌದು’ ಎಂದರೆ ಖಿನ್ನತೆಯ ಕಡೆಗೆ ಒಂದು ಅಂಕ. ಮೊಮ್ಮಕ್ಕಳ ನಡುವೆ ಮನೆಯಲ್ಲಿರುವುದನ್ನೇ ಗೌರವದ ವಾರ್ಧಕ್ಯವೆಂದು ಭಾವಿಸಿದ ಅನತೋಲಿಯಾದ ಅಜ್ಜಿಗೆ ಆ ಅಂಕ ನ್ಯಾಯವೇ?

ಇಂತಹ ಪ್ರಶ್ನಾವಳಿಗಳನ್ನು ಹೊಸ ಭಾಷೆಗೆ ತರುವಾಗ ಒಂದು ಶಿಸ್ತಿನ ಕ್ರಮವುಂಟು. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸುತ್ತಾರೆ. ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಹಿಂದಕ್ಕೆ ಮೂಲಭಾಷೆಗೆ ತಿರುಗಿಸುತ್ತಾರೆ. ತಜ್ಞರ ಸಮಿತಿ ಎರಡನ್ನೂ ಹೋಲಿಸುತ್ತದೆ. ಕೆಲವು ಹತ್ತು ಜನರಲ್ಲಿ ಪ್ರಯೋಗ ನಡೆಯುತ್ತದೆ. ಆಮೇಲೆ ಲೆಕ್ಕಾಚಾರ: ಕೆಲವು ದಿನ ಬಿಟ್ಟು ಕೇಳಿದಾಗಲೂ ಅದೇ ಉತ್ತರ ಬರುವುದೇ, ವೈದ್ಯರ ನಿರ್ಣಯಕ್ಕೆ ಅಂಕಗಳು ಹೊಂದುವುವೇ? ಇದೆಲ್ಲ ಅಗತ್ಯವೇ. ಆದರೆ ಹಿಂದಕ್ಕೆ ತಿರುಗಿಸುವ ಪರೀಕ್ಷೆಯಲ್ಲಿ ಪದಶಃ ಅನುವಾದವೇ ಸುಲಭವಾಗಿ ಗೆಲ್ಲುತ್ತದೆ. ಪದ ಸರಿಯಿದ್ದು ಅರ್ಥ ತಪ್ಪಿರುವುದನ್ನು ಅದು ಹಿಡಿಯಲಾರದು.

ಮರೆವಿನ ರೋಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಅನ್ಯಾಯ ಇನ್ನೂ ಸ್ಪಷ್ಟ. 1975ರಲ್ಲಿ ಪ್ರಕಟವಾದ 30 ಅಂಕಗಳ ಪ್ರಸಿದ್ಧ ಪರೀಕ್ಷೆಯೊಂದು ವಾಕ್ಯವನ್ನು ಓದಿ ಅದರಂತೆ ಮಾಡಲು, ಸ್ವಂತ ವಾಕ್ಯವೊಂದನ್ನು ಬರೆಯಲು, ಚಿತ್ರವನ್ನು ನೋಡಿ ನಕಲಿಸಲು ಹೇಳುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಹಿರಿಯರು ಇಲ್ಲಿ ಸೋಲುವುದು ರೋಗದಿಂದಲ್ಲ, ಬಡತನದಿಂದ. ತುರ್ಕಿಯಲ್ಲಿ ಅಕ್ಷರಜ್ಞಾನವಿಲ್ಲದವರಿಗಾಗಿ ಇದರ ಬೇರೆಯೇ ರೂಪವನ್ನು ಸಿದ್ಧಪಡಿಸಬೇಕಾಯಿತು.

ಪರದೇಶದಲ್ಲಿ ಮುಪ್ಪಾದವರ ಪಾಡು ಇನ್ನೂ ಕಠಿಣ. 1961ರ ಒಪ್ಪಂದದ ಬಳಿಕ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಹೋದ ತುರ್ಕಿ ಯುವಕರಲ್ಲಿ ಬದುಕಿರುವವರು ಇಂದು ಅಜ್ಜಂದಿರು. ವೈದ್ಯರ ಮಾತು ಅವರಿಗೆ ತಿಳಿಯದಿದ್ದಾಗ ಅನೇಕ ಬಾರಿ ಮಗಳೇ ದುಭಾಷಿ. ‘ಬದುಕು ಬೇಡವೆನಿಸುತ್ತದೆಯೇ?’ ಎಂದು ತಂದೆಯನ್ನು ಕೇಳಲು ಯಾವ ಮಗಳ ನಾಲಿಗೆ ಏಳುತ್ತದೆ? ಮಗಳ ಮುಂದೆ ‘ಹೌದು’ ಎನ್ನಲು ಯಾವ ತಂದೆಗೆ ಮನಸ್ಸು ಬರುತ್ತದೆ? ಎಷ್ಟೇ ಚೆನ್ನಾಗಿ ಅನುವಾದಿಸಿದ ಪ್ರಶ್ನೆಯೂ ಇಲ್ಲಿ ನಿಷ್ಫಲ. ಕುಟುಂಬದವರಲ್ಲದ, ತರಬೇತಿ ಪಡೆದ ದುಭಾಷಿಯೇ ಬೇಕು.

ದಾರಿಯೇ ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬಹುಭಾಷಿಕ ವಲಸಿಗರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ‘ರುಡಾಸ್’ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಓದು–ಬರಹವನ್ನು ಅದು ಬೇಡುವುದಿಲ್ಲ. ಅಂಗಡಿಯಿಂದ ತರಬೇಕಾದ ಚಹಾ, ಅಡುಗೆ ಎಣ್ಣೆ, ಮೊಟ್ಟೆ, ಸಾಬೂನುಗಳನ್ನು ನೆನಪಿಡಲು ಹೇಳುತ್ತದೆ. ವಾಹನ ದಟ್ಟಣೆಯ ರಸ್ತೆಯನ್ನು ಹೇಗೆ ದಾಟುವಿರೆಂದು ಕೇಳುತ್ತದೆ. ಪ್ರಶ್ನೆ ಹುಟ್ಟುವಾಗಲೇ ಪರಭಾಷಿಕನ ನೆನಪಿದ್ದರೆ ಅನುವಾದದ ಕಷ್ಟ ಅರ್ಧ ಕಳೆಯುತ್ತದೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಯೆಸಾವೇಜರ ಅಳತೆಗೋಲು ಪ್ರಾಮಾಣಿಕವಾದದ್ದು, ತುರ್ಕಿಯ ಸಂಶೋಧಕರ ಶ್ರಮವೂ ಗೌರವಾರ್ಹ. ಆದರೆ ಅಂಕಗಳ ಹೊಂದಾಣಿಕೆಯೊಂದೇ ಸಿಂಧುತ್ವವಲ್ಲ. ಉತ್ತರಿಸಿದ ಹಿರಿಯರ ಬಳಿ ಕುಳಿತು, ‘ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು? ಏಕೆ ಹೀಗೆ ಹೇಳಿದಿರಿ?’ ಎಂದು ವಿಚಾರಿಸುವವರೆಗೆ ಅನುವಾದ ಮುಗಿದಿರುವುದಿಲ್ಲ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಆದರೆ ಆ ಸಮಯವನ್ನು ಉಳಿಸಿದರೆ ಖಿನ್ನರಾದವರು ಚಿಕಿತ್ಸೆಯಿಲ್ಲದೆ ಮನೆಗೆ ಮರಳುತ್ತಾರೆ, ಅಕ್ಷರ ಬಾರದವರು ಬುದ್ಧಿಗೆಟ್ಟವರೆನಿಸಿಕೊಳ್ಳುತ್ತಾರೆ.