ಎರಡನೇ ವಲಯದ ನಿಶ್ಚಿಂತೆ

ಶ್ರೀರಂಗಪಟ್ಟಣದ ಬಗ್ಗೆ ನಾವು ಬರೆಯುವಾಗ ಅನಾಹುತ ಯಾವಾಗಲೂ ಆಗಿಹೋದದ್ದೇ ಆಗಿರುತ್ತದೆ. 1799ರ ಮೇ 4ರಂದು ಕೋಟೆ ಒಡೆಯಿತು, ಟಿಪ್ಪು ಮಡಿದ. ಲಾವಣಿಗಳಿಂದ ಇವತ್ತಿನ ಪ್ರವಾಸಕಥನಗಳವರೆಗೆ ಬಹುಪಾಲು ಬರವಣಿಗೆ ಆ ಒಂದು ದಿನವನ್ನೇ ಸುತ್ತುತ್ತದೆ. ಹೀಗೆ ಓದಿದರೆ ಊರು ಮುಗಿದ ಕಥೆ. ಮುಗಿದ ಕಥೆಗೆ ನಾಳೆಯ ಚಿಂತೆಯಿಲ್ಲ. ಪರಂಪರೆ ಕುರಿತ ಬರವಣಿಗೆಯ ಈ ರೂಢಿ ನಮ್ಮ ಯೋಜನೆಗಳ ಭಾಷೆಗೂ ಇಳಿದಿದೆ ಎಂಬುದು ನನ್ನ ತಕರಾರು.

ಆ ಭಾಷೆಯ ಒಂದು ಪದ 'ವಲಯ'. 2002ರಲ್ಲಿ ಪರಿಷ್ಕರಿಸಿದ ಭೂಕಂಪ ನಕ್ಷೆ ಮಂಡ್ಯ ಜಿಲ್ಲೆಯನ್ನು ಎರಡನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲಿ ಇರಿಸಿತು. 'ಕಡಿಮೆ' ಎಂದದ್ದನ್ನು ನಾವು 'ಇಲ್ಲ' ಎಂದು ಓದಿಕೊಂಡೆವು. ಲಾತೂರಿನ ಕಿಲ್ಲಾರಿ ಅದಕ್ಕೂ ಕೆಳಗಿನ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಭೂಮಿ ನಡುಗಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಅವರದೇ ಮನೆ: ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ, ಹೊರಮೈಗಳನ್ನು ಬೆಸೆಯುವ ಅಡ್ಡಗಲ್ಲುಗಳಿಲ್ಲದೆ ಎರಡೂ ಬೇರ್ಪಟ್ಟು ಉರುಳಿದವು. ಮುಂದಿನ ನಕ್ಷೆಯಲ್ಲಿ ಒಂದನೇ ವಲಯವೇ ಇರಲಿಲ್ಲ.

ಕಲ್ಲು ಮಣ್ಣಿನ ಹಳೆಯ ಗೋಡೆಗಳು ನಮ್ಮಲ್ಲೂ ಇವೆ. ಮೇಲುಕೋಟೆಯ ಬೀದಿಗಳಲ್ಲಿ, ನಾಗಮಂಗಲದ ಸೌಮ್ಯಕೇಶವ ಗುಡಿಯ ಆಸುಪಾಸಿನಲ್ಲಿ, ಕೃಷ್ಣರಾಜಪೇಟೆಯ ಹೊಸಹೊಳಲಿನಲ್ಲಿ ಜನ ಬದುಕುತ್ತಿರುವುದು ಸ್ಮಾರಕದ ಪಕ್ಕದ ಮನೆಗಳಲ್ಲಿ. ನಮ್ಮ ಕಾನೂನು ಕಾಣುವುದು ಮಾತ್ರ ಸ್ಮಾರಕವನ್ನು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಇದ್ದದ್ದನ್ನು ದುರಸ್ತಿ ಮಾಡಲೂ ಅನುಮತಿ ಬೇಕು. ಸ್ಮಾರಕದ ದೃಷ್ಟಿಯಿಂದ ಈ ನಿಯಮ ಸರಿಯೇ. ಆದರೆ ಬಿರುಕುಬಿಟ್ಟ ಗೋಡೆಯ ಯಜಮಾನನಿಗೆ ಅದು ಹೇಳುವುದು 'ಮುಟ್ಟಬೇಡ' ಎಂದು. 'ಹೀಗೆ ಗಟ್ಟಿಮಾಡು' ಎಂದು ಹೇಳುವವರಿಲ್ಲ.

ಮನಸ್ಸು ಮಾಡಿದರೆ ನಮಗೆ ಆಗದ್ದೇನಿಲ್ಲ. ರೈಲ್ವೆಯ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರಾರು ಅಡಿ ಆಚೆಗೆ ಇಟ್ಟೆವು. ಪಾಂಡವಪುರದ ಬೇಬಿ ಬೆಟ್ಟದ ಸ್ಫೋಟಗಳ ವಿಷಯ ಹೈಕೋರ್ಟಿನವರೆಗೆ ಹೋಗಿ, 2024ರ ಜನವರಿಯಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಸುತ್ತ ಇಪ್ಪತ್ತು ಕಿಲೋಮೀಟರಿನೊಳಗೆ ಗಣಿಗಾರಿಕೆಗೆ ತಡೆ ಬಿತ್ತು. ಗಣಿ ಸ್ಫೋಟ ಭೂಕಂಪವಲ್ಲ, ನಿಜ. ಆದರೆ ನೆಲ ಅದುರಿದರೆ ಏನಾದೀತು ಎಂಬ ಪ್ರಶ್ನೆಯನ್ನು ಆ ಜಗಳ ನಮ್ಮ ಮುಂದಿಟ್ಟಿತ್ತು. ಆ ಚರ್ಚೆಯಲ್ಲಿ ಮಾತೆಲ್ಲ ಅಣೆಕಟ್ಟೆಯದು, ಅದರ ಸುತ್ತಲಿನ ರಾಜಕೀಯದ್ದು. ಹಳೆಯ ಮನೆಗಳು ಅಲ್ಲೂ ಹಿಂದೆ ಉಳಿದವು.

ಬಡ ಊರಿಗೆ, ಬಾರದಿರಬಹುದಾದ ಭೂಕಂಪಕ್ಕೆ ಇಷ್ಟೆಲ್ಲ ಖರ್ಚು ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬೇಕಾದದ್ದು ಹೊಸ ಊರಲ್ಲ. ಗೋಡೆಗೆ ಅಡ್ಡಗಲ್ಲು, ಬಾಗಿಲು ಕಿಟಕಿಗಳ ಮೇಲೆ ಮನೆಯನ್ನು ಸುತ್ತುವರಿಯುವ ಪಟ್ಟಿ, ಮೂಲೆಗಳಿಗೆ ಬಿಗಿ, ಮಾಳಿಗೆಯ ಭಾರಕ್ಕೆ ಮಿತಿ. ಇಂಥ ದುರ್ಬಲ ಗೋಡೆಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೋ ಕಿಲ್ಲಾರಿಯ ವರ್ಷವೇ, 1993ರಲ್ಲಿ, ಮಾರ್ಗಸೂಚಿ ಹೊರತಂದಿದೆ. ಹೀಗೆ ಬಿಗಿಯಾದ ಗೋಡೆ ಪ್ರತಿ ಮಳೆಗಾಲದಲ್ಲೂ ಉಪಯೋಗಕ್ಕೆ ಬರುತ್ತದೆ. ದುರಸ್ತಿಗೆ ಅನುಮತಿ ಕೊಡುವ ಕಾಗದದಲ್ಲೇ ಈ ನಾಲ್ಕು ಸಾಲನ್ನು ಸೇರಿಸಿ, ಅದನ್ನು ಮಾಡಬಲ್ಲ ಗಾರೆಯವರನ್ನು ತರಬೇತುಗೊಳಿಸಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಬರೆಯುವವರದ್ದು. ಹೊಯ್ಸಳ ಶಿಲ್ಪದ ಒಂದೊಂದು ಮಡಿಕೆಯನ್ನೂ ವರ್ಣಿಸುವ ನಮ್ಮ ವಿಮರ್ಶೆ ಗುಡಿಯ ಎದುರು ಮನೆಯ ಗೋಡೆ ಯಾವುದರಿಂದ ಕಟ್ಟಿದ್ದೆಂದು ಕೇಳಿದ್ದು ಅಪರೂಪ. 'ಪಾರಂಪರಿಕ ಪಟ್ಟಣ' ಎಂಬ ಮಾತಿನಲ್ಲಿ ಪರಂಪರೆಗೆ ಸಿಕ್ಕ ಓದು ಪಟ್ಟಣಕ್ಕೆ ಇನ್ನೂ ಸಿಕ್ಕಿಲ್ಲ.